ಉತ್ತರದ ಹೆದ್ದಾರಿಗಳಲ್ಲಿ ಪಥಿಕರ ವಿಶ್ರಾಂತಿ

ನೆಲವನ್ನು ಸಮಮಾಡಿ ಕಲ್ಲುಮಣ್ಣು ಹಾಸಿದ ಮಾತ್ರಕ್ಕೆ ದಾರಿ ಸಿದ್ಧವಾಯಿತೆಂದು ನಮ್ಮ ಹಿರಿಯರು ಎಣಿಸಲಿಲ್ಲ. ಸಾಲುಮರಗಳನ್ನು ನೆಡಿಸಿ, ಅರವಟ್ಟಿಗೆಗಳನ್ನಿರಿಸಿ, ನಡುನಡುವೆ ಛತ್ರಗಳನ್ನು ಕಟ್ಟಿಸಿದ ಮೇಲೆಯೇ ಪಥಿಕನ ವಿಷಯದಲ್ಲಿ ತಮ್ಮ ಕರ್ತವ್ಯವು ಮುಗಿಯಿತೆಂಬುದು ಅವರ ಭಾವನೆ. ಈ ಹಳೆಯ ವಿವೇಕವು ವರ್ಷದ ಬಹುಭಾಗ ಹಿಮ ಕವಿದಿರುವ ನಾಡಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾಗುವುದೆಂಬುದನ್ನು ಇಂದು ವಿಚಾರಮಾಡೋಣ. ಇದಕ್ಕಾಗಿ ನಾವು ಉತ್ತರ ಅಮೆರಿಕ ಖಂಡದ ವಾಯವ್ಯ ಭಾಗದ ಎರಡು ಹೆದ್ದಾರಿಗಳನ್ನು ಆರಿಸಿಕೊಂಡಿರುವೆವು.

ಮೊದಲನೆಯದು ಅಲಾಸ್ಕ ಹೆದ್ದಾರಿ. ೧೯೪೧ನೆಯ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದೊಡನೆ, ಅಲಾಸ್ಕಕ್ಕೆ ಭೂಮಾರ್ಗವೊಂದು ಬೇಕೆಂದು ಅಮೆರಿಕದ ಸರಕಾರಕ್ಕೆ ತೋರಿತು. ಕೆನಡದ ಒಪ್ಪಿಗೆಯನ್ನು ಪಡೆದು, ೧೯೪೨ನೆಯ ಮಾರ್ಚಿಯಲ್ಲಿ ಕೆಲಸವನ್ನು ಆರಂಭಿಸಿ, ಹತ್ತು ಸಾವಿರಕ್ಕೂ ಮೀರಿದ ಸೈನಿಕರು ಅದೇ ನವೆಂಬರಿನೊಳಗೆ ದಾರಿಯನ್ನು ತೆರೆದರು. ೧೯೪೮ರಲ್ಲಿ ಅದು ಸಾಮಾನ್ಯ ಪ್ರಯಾಣಿಕರಿಗೆ ದೊರೆಯಿತು. ಬ್ರಿಟಿಷ್ ಕೊಲಂಬಿಯದ ಡಾಸನ್ ಕ್ರೀಕಿನಿಂದ ಅಲಾಸ್ಕದ ಡೆಲ್ಟಾ ಜಂಕ್ಷನ್ನಿನವರೆಗೆ ಅದರ ಈಗಿನ ಉದ್ದ ಸುಮಾರು ೧,೩೯೦ ಮೈಲಿ. ಎರಡನೆಯದು ೧೯೭೯ರಲ್ಲಿ ತೆರೆದ ಡೆಂಪ್‌ಸ್ಟರ್ ಹೆದ್ದಾರಿ. ಯೂಕಾನ್ ಪ್ರಾಂತದ ಡಾಸನ್ ಪಟ್ಟಣದ ಸಮೀಪದಲ್ಲಿ ಹೊರಟು (ಮೊದಲು ಹೇಳಿದ ಡಾಸನ್ ಕ್ರೀಕ್ ಬೇರೆ, ಇದು ಬೇರೆ) ಉತ್ತರಮೇರುವೃತ್ತವನ್ನು ದಾಟಿ ಇನುವಿಕ್ಕನ್ನು ಸೇರುವ ಈ ಗರಸಿನ ದಾರಿ ಸುಮಾರು ೪೬೦ ಮೈಲಿಯುದ್ದವಿದೆ.

ಇಂತಹ ದಾರಿಗಳಲ್ಲಿ ವಿಹಾರಸ್ಥಾನಗಳನ್ನು ಏರ್ಪಡಿಸುವುದು ವಿಲಾಸವಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ನಮ್ಮ ದೇಶದಲ್ಲಿ ಕತ್ತಲೆಯೇ ಪ್ರಯಾಣಿಕನನ್ನು ನಿಲ್ಲಿಸುತ್ತದೆ. ಮೇರುವೃತ್ತದ ಬಳಿ ನಡುಬೇಸಗೆಯಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ರಾತ್ರಿಯಾಯಿತೆಂದು ಕಣ್ಣಿಗೆ ತೋರದೆ, ದೇಹವು ಬಳಲಿದ್ದರೂ ಮನಸ್ಸು ಮುಂದೆ ಮುಂದೆ ಹೋಗೆಂದು ಪ್ರೇರಿಸುತ್ತದೆ. ಆಯಾಸವಾಗಿದ್ದರೆ ನಿಲ್ಲಿರೆಂದು ಫಲಕ ಹಾಕಿದರೆ ನಿಲ್ಲುವವರು ಕೆಲವರು. ನದಿಯ ದಡದಲ್ಲಿ ಕುಳಿತುಕೊಳ್ಳಲು ಆಸನ, ಮಕ್ಕಳು ಓಡಾಡಲು ಬಯಲು, ಗಾಳಿ ತಡೆಯುವ ಮಾಡು ಕಂಡರೆ ನಿಲ್ಲುವವರು ಹಲವರು. ಆದುದರಿಂದ ಇಲ್ಲಿ ವಿನೋದವು ರಕ್ಷಣೆಯ ಒಂದು ಅಂಗವೇ ಸರಿ.

ಈ ಅಗತ್ಯವು ಸ್ವಾಭಾವಿಕವೆಂಬುದಕ್ಕೆ ವಾಟ್ಸನ್ ಲೇಕ್ ಎಂಬ ಊರೇ ಸಾಕ್ಷಿ. ೧೯೪೨ರಲ್ಲಿ ಅಲ್ಲಿ ಕೈಮರವನ್ನು ದುರಸ್ತಿಮಾಡುತ್ತಿದ್ದ ಸೈನಿಕನೊಬ್ಬನು, ಮನೆಯ ನೆನಪು ಬಂದು, ತನ್ನ ಊರಿನ ಹೆಸರನ್ನೂ ದೂರವನ್ನೂ ಬರೆದ ಹಲಗೆಯೊಂದನ್ನು ನಿಲ್ಲಿಸಿದನು. ಹೋಗುವವರು ಬರುವವರು ಅದನ್ನೇ ಅನುಸರಿಸಿದರು. ಇಂದು ಅಲ್ಲಿ ಹತ್ತಾರು ಸಾವಿರ ಹಲಗೆಗಳ ಒಂದು ಕಾಡೇ ಇದೆ. ಮನುಷ್ಯನು ಬರಿದಾದ ದೂರವನ್ನು ಸಹಿಸಲಾರನು; ಅದಕ್ಕೆ ಎಲ್ಲಿಯಾದರೂ ಒಂದು ಗುರುತನ್ನು ಬಯಸುತ್ತಾನೆ.

ಹಾಗಾದರೆ ಯೋಜಕನು ಗಮನಿಸಬೇಕಾದುವು ಯಾವುವು? ಮೊದಲನೆಯದು ಅಂತರ. ಡೆಂಪ್‌ಸ್ಟರ್ ದಾರಿಯ ದಕ್ಷಿಣದ ತುದಿಯಿಂದ ಹೊರಟವನಿಗೆ ಪೆಟ್ರೋಲು ದೊರೆಯುವುದು ಸುಮಾರು ೨೩೦ ಮೈಲಿಗಳಾಚೆ, ಈಗಲ್ ಪ್ಲೇನ್ಸಿನಲ್ಲಿ. ಇಂತಹ ಕಡೆ ತಂಗುವ ತಾಣಗಳನ್ನು ಮೈಲಿಯ ಲೆಕ್ಕದಿಂದಲ್ಲ, ಗರಸಿನ ಮೇಲೆ ಕಳೆಯುವ ಗಂಟೆಗಳ ಲೆಕ್ಕದಿಂದ ಗೊತ್ತುಮಾಡಬೇಕು.

ಎರಡನೆಯದು ನೆಲ. ಅಲ್ಲಿ ಅನೇಕ ಕಡೆ ಮಣ್ಣು ಕೆಳಗೆ ಸದಾ ಹೆಪ್ಪುಗಟ್ಟಿರುತ್ತದೆ. ಮೇಲಿನ ಪಾಚಿಯೇ ಅದಕ್ಕೆ ಕಂಬಳಿ. ೧೯೪೨ರಲ್ಲಿ ಆ ಹೊದಿಕೆಯನ್ನು ಕಿತ್ತ ಕಡೆಗಳಲ್ಲಿ ನೆಲ ಕರಗಿ ಕೆಸರಾಗಿ ಯಂತ್ರಗಳು ಹೂತುಹೋದುವು. ಬಳಿಕ ಪಾಚಿಯನ್ನು ಹಾಗೆಯೇ ಬಿಟ್ಟು ಮೇಲೆ ಮರದ ದಿಮ್ಮಿಗಳನ್ನು ಹಾಸುವುದನ್ನು ಕಲಿತರು. ದಾರಿಗೆ ಸಲ್ಲುವ ಈ ನಿಯಮವು ಪಕ್ಕದ ತಂಗುದಾಣಕ್ಕೂ ಸಲ್ಲುತ್ತದೆ. ಬಯಲನ್ನು ಕೆರೆಯದೆ, ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಬೇಕು. ಯೂಕಾನಿನ ಸರಕಾರಿ ಶಿಬಿರಸ್ಥಾನಗಳಲ್ಲಿ ಸೌದೆಯನ್ನು ಶುಲ್ಕದೊಳಗೇ ಕೊಡುವರು; ಇದರಿಂದ ಪ್ರಯಾಣಿಕನಿಗೆ ಬೆಂಕಿಯೂ ಆಯಿತು, ನಿಧಾನವಾಗಿ ಬೆಳೆಯುವ ಆ ಮರಗಳೂ ಉಳಿದುವು.

ಮೂರನೆಯದು ಪ್ರಾಣಿಗಳು. ಲಿಯಾರ್ಡ್ ನದಿಯ ಬಳಿಯ ಬಿಸಿನೀರಿನ ಬುಗ್ಗೆಗಳು ಅಲಾಸ್ಕ ಹೆದ್ದಾರಿಯ ಅತಿ ಪ್ರಿಯವಾದ ತಾಣ. ೧೯೪೨ರಲ್ಲಿ ಸೈನಿಕರು ಅಲ್ಲಿಗೆ ಹಲಗೆಯ ಕಾಲುದಾರಿಯನ್ನು ಹಾಕಿದರು. ೧೯೫೭ರಲ್ಲಿ ಅದು ಸಂರಕ್ಷಿತ ಉದ್ಯಾನವಾಯಿತು. ೧೯೯೭ನೆಯ ಆಗಸ್ಟಿನಲ್ಲಿ ಅಲ್ಲಿಯೇ ಕರಡಿಯೊಂದು ಇಬ್ಬರನ್ನು ಕೊಂದಿತು. ಮನುಷ್ಯನಿಗೆ ಹಿತವಾದ ಸ್ಥಳವು ಮೃಗಗಳಿಗೂ ಹಿತವಾದುದೇ. ಕರಡಿ ತೆರೆಯಲಾರದ ಕಸದ ಪೆಟ್ಟಿಗೆ, ದೂರ ನೋಡಲು ಅನುವಾದ ಕಾಲುದಾರಿ, ತಿಳಿವಳಿಕೆ ಹೇಳುವ ಕಾವಲುಗಾರ ಇವೆಲ್ಲವೂ ಆಸನಕ್ಕಿಂತ ಮೊದಲು ಬರತಕ್ಕವು.

ನಾಲ್ಕನೆಯದು ಎಲ್ಲಕ್ಕೂ ಮುಖ್ಯ. ನಿರ್ಜನವೆಂದು ನಾವು ಕರೆಯುವ ಆ ನಾಡು ಎಂದೂ ನಿರ್ಜನವಾಗಿರಲಿಲ್ಲ. ಹೆದ್ದಾರಿಯ ಕೆಲಸದೊಡನೆ ಬಂದ ದಡಾರ ಮೊದಲಾದ ರೋಗಗಳು ೧೯೪೨-೪೩ರಲ್ಲಿ ಟೆಸ್ಲಿನ್ ಊರಿನ ಮೂಲನಿವಾಸಿಗಳನ್ನು ಪೀಡಿಸಿದುವು. ೧೯೪೩ರಲ್ಲಿ ಕ್ಲುವಾನೆ ಪ್ರದೇಶವನ್ನು ಮೃಗರಕ್ಷಣಾ ಸ್ಥಳವೆಂದು ಸಾರಿದಾಗ, ತಲೆತಲಾಂತರದಿಂದ ಅಲ್ಲಿ ಬೇಟೆಯಾಡಿ ಬದುಕಿದ್ದವರಿಗೇ ಬೇಟೆ ನಿಷೇಧವಾಯಿತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಡೆಂಪ್‌ಸ್ಟರ್ ದಾರಿಯಲ್ಲಿರುವ ಟೂಂಬ್‌ಸ್ಟೋನ್ ಉದ್ಯಾನ. ಅದು ಟ್ರಾಂಡೆಕ್ ಹ್ವೆಚಿನ್ ಜನರೊಡನೆ ೧೯೯೮ರಲ್ಲಿ ಆದ ಒಪ್ಪಂದದಿಂದ ಹುಟ್ಟಿದುದು. ಅತಿಥಿಗೆ ಎಡೆ ಬಡಿಸುವ ಮುನ್ನ ಮನೆಯ ಯಜಮಾನನನ್ನು ಕೇಳುವುದು ಎಲ್ಲ ದೇಶಗಳಲ್ಲಿಯೂ ಮರ್ಯಾದೆ.

ಇಷ್ಟರಿಂದ ನಮಗೆ ತೋರುವುದೇನೆಂದರೆ, ದೂರದ ದಾರಿಗಳಲ್ಲಿ ಬಹಳ ತಾಣಗಳನ್ನು ಮಾಡಿ ಕೈಬಿಡುವುದಕ್ಕಿಂತ, ಕೆಲವನ್ನೇ ಮಾಡಿ ಚೆನ್ನಾಗಿ ಕಾಯುವುದು ಮೇಲು. ಚಳಿಗಾಲದ ಹೊಡೆತಕ್ಕೆ ಮುರಿದುಬಿದ್ದ ಮಾಡು, ತುಂಬಿ ಚೆಲ್ಲಿದ ಕಸದ ಪೆಟ್ಟಿಗೆ ಇವು ಇಲ್ಲದಿರುವುದಕ್ಕಿಂತ ಕೇಡು. ಮೊದಲನೆಯದು ನಂಬಿ ಬಂದವನನ್ನು ವಂಚಿಸುತ್ತದೆ, ಎರಡನೆಯದು ಕರಡಿಯನ್ನು ಕರೆಯುತ್ತದೆ. ಛತ್ರವನ್ನು ಕಟ್ಟಿಸಿದವನು ಅದರ ನಿರ್ವಾಹಕ್ಕೆ ಭೂಮಿಯನ್ನೂ ಬಿಡುತ್ತಿದ್ದುದರ ಅರ್ಥವನ್ನು ಉತ್ತರದ ಹೆದ್ದಾರಿಗಳೂ ನಮಗೆ ಮತ್ತೊಮ್ಮೆ ತಿಳಿಸಿಕೊಡುತ್ತವೆ.