ಗಾಡೆಸ್ ಅಂದ್ರೆ ಅಮ್ಮನಾ?

ಇವತ್ತು ಆನಂದಪುರದ ಮನೆಯಿಂದಾನೇ ರೆಕಾರ್ಡ್ ಮಾಡ್ತಿದ್ದೀನಿ. ಮಧ್ಯೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮೊನ್ನೆ ಸೋದರತ್ತೆ ಮಗಳು ಸೀರೆ ಉಟ್ಟ ಫೋಟೊ ಇನ್‌ಸ್ಟಾಗ್ರಾಮ್‌ಗೆ ಹಾಕಿದ್ಲು. ಕೆಳಗೆಲ್ಲ 'ಗಾಡೆಸ್, ಗಾಡೆಸ್' ಅಂತ ಕಾಮೆಂಟು. ಪಕ್ಕದಲ್ಲಿದ್ದ ಅಜ್ಜಿ, "ಹಂಗಂದ್ರೆ ಎಂಥದೇ?" ಅಂದ್ರು. "ಹೆಣ್ಣು ದೇವರು" ಅಂದೆ. "ಅಮ್ಮ ಅಂತನಾ? ಇಷ್ಟು ಸಣ್ಣ ಹುಡುಗಿಗೆ?" ಅಂತ ನಕ್ಕರು.

ಇಂಗ್ಲಿಷಲ್ಲಿ ಈ ಪದ ಹುಟ್ಟಿದ್ದು ಸುಮಾರು 14ನೇ ಶತಮಾನದಲ್ಲಿ. 'ಗಾಡ್' ಅನ್ನೋ ಹಳೇ ಪದದ ಬಾಲಕ್ಕೆ ಫ್ರೆಂಚ್‌ನಿಂದ ಬಂದ 'ಎಸ್' ಸೇರಿಸಿದ್ರು. ಆಕ್ಟರ್‌ಗೆ ಆಕ್ಟ್ರೆಸ್, ಹೋಸ್ಟ್‌ಗೆ ಹೋಸ್ಟೆಸ್ ಇದ್ದ ಹಾಗೆ. ಅಂದ್ರೆ ಮೊದಲು ಗಂಡು, ಆಮೇಲೆ ಹೆಣ್ಣು. ನಮ್ಮ 'ದೇವರು' ಹಾಗಲ್ಲ. ಸಿಗಂದೂರು ಚೌಡೇಶ್ವರಿಯೂ ದೇವರೇ, ಈಶ್ವರನೂ ದೇವರೇ.

ಇನ್ನು 'ಅಮ್ಮ' ಅನ್ನೋದು ಗಾಡೆಸ್‌ಗಿಂತ ದೊಡ್ಡ ಪದ. ಸಾಗರದ ಮಾರಿಕಾಂಬೆಯನ್ನೇ ನೋಡಿ. ಮೂರು ವರ್ಷಕ್ಕೊಮ್ಮೆ ಜಾತ್ರೆ. ನಮ್ಮ ಅತ್ತಿಗೆಯರಿಗೆ ಇರೋ ಹಾಗೆ ಆ ತಾಯಿಗೂ ಒಂದು ತವರುಮನೆ, ಒಂದು ಗಂಡನ ಮನೆ. ಕಾಯೋಳೂ ಅಮ್ಮ, ಕಾಯಿಲೆಯೂ ಅಮ್ಮ. ಸಿಡುಬು ಜಗತ್ತಿನಿಂದಲೇ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಘೋಷಿಸ್ತು. ಆದ್ರೂ ಚಿಕನ್‌ಪಾಕ್ಸ್ ಬಂದ್ರೆ ನಾವು ಇವತ್ತಿಗೂ 'ಅಮ್ಮ ಆಗಿದೆ' ಅಂತೀವಿ.

ಇಲ್ಲಿವರೆಗೂ ಚೆನ್ನಾಗೇ ಇದೆ. ಈಗ ಈ ಹೆಸರುಗಳನ್ನೇ ನಾವು ಮನೇಲಿ ಹೇಗೆ ಬಳಸ್ತೀವಿ ನೋಡಿ. ಜೋರಾಗಿ ಮಾತಾಡೋ ಹೆಂಗಸು 'ಮಾರಿ'. ಹಟ ಮಾಡಿದ್ರೆ 'ಚಂಡಿ ಹಿಡಿದಿದ್ದಾಳೆ'. ನಾನು ಬಿ.ಕಾಂ. ಮುಗಿಸಿ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದೆ. ಅದನ್ನ ಬಿಟ್ಟು ಪಾಡ್‌ಕಾಸ್ಟ್ ಮಾಡ್ತೀನಿ ಅಂದಾಗ ನನಗೆ ಸಿಕ್ಕಿದ್ದೂ ಇದೇ ಬಿರುದು. ಚಂಡಿ, ಮಾರಿ ಎರಡೂ ಗುಡಿಯೊಳಗೆ ಕೈಮುಗಿಯೋ ಹೆಸರುಗಳು. ಹೊಸ್ತಿಲು ದಾಟಿ ಹೊರಗೆ ಬಂದ ತಕ್ಷಣ ಬೈಗುಳ.

ನಮ್ಮೂರ ಹತ್ತಿರ ಚಂಪಕ ಸರಸಿ ಅನ್ನೋ ಚಂದದ ಕೊಳ ಇದೆ. ನೀವೂ ರೀಲ್ಸಲ್ಲಿ ನೋಡಿರ್ತೀರಿ. ಕೆಳದಿಯ ವೆಂಕಟಪ್ಪ ನಾಯಕ ಚಂಪಕಾ ಅನ್ನೋ ಹುಡುಗಿಯ ರಂಗೋಲಿ ನೋಡಿ ಮನಸೋತನಂತೆ. ಊರವರು ಅವಳನ್ನೇ ಆಡಿಕೊಂಡರಂತೆ. ಆ ಮಾತು ತಡೆಯಲಾಗದೆ ಅವಳು ಪ್ರಾಣ ಬಿಟ್ಟಳು, ದೊರೆ ಅವಳ ನೆನಪಿಗೆ ಕೊಳ ಕಟ್ಟಿಸಿದ ಅಂತ ಕತೆ. ಚಿಕ್ಕವಳಿದ್ದಾಗ ನನಗೆ ಇದು ಲವ್ ಸ್ಟೋರಿ ಅನಿಸ್ತಿತ್ತು. ಈಗ ಬೇರೆ ಥರ ಕೇಳಿಸುತ್ತೆ. ಇದ್ದಾಗ ಅವಳ ಪರ ಯಾರೂ ಒಂದು ಮಾತು ಆಡಲಿಲ್ಲ. ಹೋದ ಮೇಲೆ ಇಡೀ ಕೊಳಕ್ಕೇ ಅವಳ ಹೆಸರು.

ಅದಕ್ಕೇ ಹೇಳೋದು. ಫೋಟೊ ಕೆಳಗೆ ಗಾಡೆಸ್ ಅಂತ ಬರೀರಿ, ಬೇಡ ಅನ್ನಲ್ಲ. ಆದ್ರೆ ಅದೇ ಹುಡುಗಿ ನಾಳೆ 'ನನಗೆ ಈ ಮದುವೆ ಬೇಡ' ಅಂದಾಗ ಅವಳನ್ನ ಏನಂತ ಕರೀತೀರಿ? ಅಜ್ಜಿಗೆ ಈ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಒಂದು ಹೆಸರು ಇಟ್ಟಿದೀವಲ್ಲ, ಅದರಲ್ಲೇ ಕರೆದ್ರೆ ಸಾಕು" ಅಂದ್ರು.

ನಿಮ್ಮೂರಲ್ಲಿ ಹೀಗೆ ಬೈಗುಳ ಆಗಿರೋ ದೇವರ ಹೆಸರು ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.