ಯಾರಿಗೆ ಈ ಅರಿವೆ? ಪೋರೂರಿನ ಫ್ಲಾಟಲ್ಲಿ ಹೊಲಿದ ಒಂದು ಕೌದಿ

(ವಿಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ನಾನಿರೋದು ಚೆನ್ನೈನ ಪೋರೂರಲ್ಲಿ. ಊರು ಧಾರವಾಡ ಜಿಲ್ಲೆ, ಕುಂದಗೋಳದ ಹತ್ತಿರ ಒಂದು ಹಳ್ಳಿ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. 2014ರಲ್ಲಿ ಎರಡು ವರ್ಷಕ್ಕೆ ಅಂತ ಬಂದವಳು ಇನ್ನೂ ಇಲ್ಲೇ ಇದ್ದೀನಿ. ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕೆಲಸ ಬದಲಾಯಿಸೋದು, ಮಕ್ಕಳಿಗೆ ಕನ್ನಡ ಕಲಿಸೋದು, ಊರಲ್ಲಿರೋ ಅಪ್ಪ-ಅಮ್ಮನ್ನ ನೋಡ್ಕೊಳ್ಳೋದು ಇಂಥ ವಿಷಯ ಮಾತಾಡ್ತಾರೆ. ನಾನು ಇವತ್ತು ಬಟ್ಟೆ ಬಗ್ಗೆ ಮಾತಾಡ್ತೀನಿ. ನಗಬೇಡಿ. ಕೊನೆಗೆ ಇದೂ ಅಪ್ಪ-ಅಮ್ಮನ ವಿಷಯಾನೇ ಆಗುತ್ತೆ.

ನನಗೆ ಬಟ್ಟೆ ಕೊಳ್ಳೋ ಹುಚ್ಚು. ಡ್ರೆಸ್ ಅಲ್ಲ, ಬಟ್ಟೆ. ಮೀಟರ್ ಲೆಕ್ಕದಲ್ಲಿ. ಚೆನ್ನೈಗೆ ಬಂದ ಮೊದಲ ವರ್ಷ ಯಾರೋ ಜಾರ್ಜ್ ಟೌನಿನ ಗೋಡೌನ್ ಸ್ಟ್ರೀಟಿಗೆ ಕರ್ಕೊಂಡು ಹೋದರು. ಆ ಗಲ್ಲಿ ಪೂರ್ತಿ ಬಟ್ಟೆ ಅಂಗಡಿ. ಕಟ್ ಪೀಸ್ ರಾಶಿ ನೋಡಿ ತಲೆ ತಿರುಗಿತು. ಆಮೇಲೆ ಕೋ-ಆಪ್ಟೆಕ್ಸ್, ಕೈಮಗ್ಗದ ಪ್ರದರ್ಶನ, ಮದುರೈ ಸುಂಗುಡಿ, ಚೆಟ್ಟಿನಾಡ್ ಕಾಟನ್. ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಗುಳೇದಗುಡ್ಡದ ಖಣ. ಎಲ್ಲಾ 'ಮುಂದೆ ಒಂದಿನ ಹೊಲಿತೀನಿ' ಅಂತ. ಒಂದು ಹೊಲಿಗೆ ಮಷಿನ್ನೂ ತಗೊಂಡೆ. ಇಷ್ಟು ವರ್ಷದಲ್ಲಿ ಅದರಲ್ಲಿ ಹೊಲಿದದ್ದು ನಾಲ್ಕು ದಿಂಬಿನ ಕವರು, ಒಂದು ಕಿಟಕಿ ಪರದೆ. ಪರದೆ ಸೊಟ್ಟ.

2021ರಲ್ಲಿ ಅವ್ವ ತೀರಿಕೊಂಡಳು. ದಿನ-ಕರ್ಮ ಎಲ್ಲಾ ಮುಗಿದ ಮೇಲೆ ಅವಳ ಹನ್ನೊಂದು ಸೀರೆ ನಾನು ಒಂದು ಸೂಟ್‌ಕೇಸಲ್ಲಿ ಹಾಕ್ಕೊಂಡು ಬಂದೆ. ತಂಗಿ ಬೆಂಗಳೂರಲ್ಲಿದ್ದಾಳೆ, ಅವಳ ಮನೆ ಚಿಕ್ಕದು, 'ಅಕ್ಕಾ, ಸದ್ಯಕ್ಕ ನೀ ಇಟ್ಕೊ' ಅಂದಿದ್ದಳು. ಸೂಟ್‌ಕೇಸ್ ಮಂಚದ ಕೆಳಗೆ ಹೋಯ್ತು. ಒಂದು ಸಲಾನೂ ತೆಗೀಲಿಲ್ಲ. ಆದರೆ ಆ ವರ್ಷದಿಂದ ನನ್ನ ಬಟ್ಟೆ ಕೊಳ್ಳೋದು ಎರಡು ಪಟ್ಟಾಯ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡ್ಕೊಂಡು ಆರ್ಡರ್ ಮಾಡ್ತಿದ್ದೆ. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂತಲ್ಲ, ಚೆನ್ನೈಲಿದ್ದವರಿಗೆ ಮರೆಯೋಕೆ ಆಗಲ್ಲ. ನಮ್ಮದು ಗ್ರೌಂಡ್ ಫ್ಲೋರ್. ಮನೆಯೊಳಗೆ ಅರ್ಧ ಅಡಿ ನೀರು. ಗ್ಯಾಸ್, ಲ್ಯಾಪ್‌ಟಾಪ್, ಮಗನ ಪುಸ್ತಕ ಮೇಲೆತ್ತಿದೆವು. ಮಂಚದ ಕೆಳಗಿನ ಸೂಟ್‌ಕೇಸ್ ನೆನಪಾಗಲಿಲ್ಲ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ನೀರು ಇಳಿದ ಮೇಲೆ ತೆಗೆದು ನೋಡ್ತೀನಿ, ಅವ್ವನ ಸೀರೆಗಳೆಲ್ಲ ನೆನೆದು ಮುದ್ದೆ. ಇಳಕಲ್ ಸೀರೆಯ ಕೆಂಪು ಬಿಟ್ಟು ಕೆಳಗಿದ್ದ ಬಿಳಿ ಸೀರೆಗೆ ಹತ್ತಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಬಿಸಿಲು ಬಂದ ದಿನ ಎಲ್ಲಾ ಟೆರೇಸಿಗೆ ಹೊತ್ಕೊಂಡು ಹೋಗಿ ಹರಡಿದೆ. ಬೀರುವಿನ ಕೆಳಗಿನ ಖಾನೆಯಲ್ಲಿದ್ದ ನನ್ನ ಬಟ್ಟೆಗಳೂ ಒದ್ದೆಯಾಗಿದ್ದವು, ಅವನ್ನೂ ಹರಡಿದೆ. ಇಡೀ ಟೆರೇಸ್ ತುಂಬಿತು. ನಮ್ಮ ಬಿಲ್ಡಿಂಗಿನ ಮೇಲಿನ ಮನೇಲಿ ಒಬ್ಬರು ಟೈಲರ್ ಅಕ್ಕ ಇದ್ದಾರೆ, ಬ್ಲೌಸ್ ಹೊಲಿತಾರೆ. ಅವರು ಬಂದವರು ಹಾಗೇ ನಿಂತರು. 'ಎನ್ನಮ್ಮಾ, ಇವ್ಳೋ ತುಣಿ! ಯಾರುಕ್ಕು?' ಇಷ್ಟೊಂದು ಬಟ್ಟೆ, ಯಾರಿಗೆ?

ನನ್ನ ಹತ್ರ ಉತ್ತರ ಇರಲಿಲ್ಲ.

ನಾನು ಟೆಸ್ಟರ್ ಅಲ್ಲವಾ, ಉತ್ತರ ಇಲ್ಲ ಅಂದ್ರೆ ಎಕ್ಸೆಲ್ ಶೀಟ್ ತೆಗಿತೀನಿ. ಆ ವಾರ ಎಲ್ಲಾ ಎಣಿಸಿದೆ. ಅವ್ವನ ಸೀರೆ ಬಿಟ್ಟು 212 ತುಂಡು. ಲಗೇಜ್ ತೂಗೋ ತಕ್ಕಡೀಲಿ ತೂಗಿದೆ, 38 ಕಿಲೊ. ಬಟ್ಟೆ ಯಾವುದು, ಎಷ್ಟು ಮೀಟರ್, ಎಲ್ಲಿ ತಗೊಂಡಿದ್ದು, ಎಷ್ಟು ದುಡ್ಡು. ಕೊನೇ ಕಾಲಂ ಹೆಸರು 'ಯಾರಿಗೆ'. 212ರಲ್ಲಿ ಆ ಕಾಲಂ ತುಂಬಿದ್ದು ಹದಿನಾಲ್ಕು.

ಇಲ್ಲಿ ಸ್ವಲ್ಪ ಕೌದಿ ಬಗ್ಗೆ ಹೇಳಬೇಕು. ಹಳೇ ಮೈಸೂರು ಕಡೆಯವರಿಗೆ ಗೊತ್ತಿಲ್ಲದೆ ಇರಬಹುದು. ಹಳೇ ಸೀರೆ, ಧೋತರ, ಅಂಗಿ, ಪರಕಾರ ಎಲ್ಲಾ ಪದರ ಪದರವಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಉದ್ದಕ್ಕೂ ಕೈಯಲ್ಲಿ ಹೊಲಿದ ಹೊದಿಕೆ. ನಮ್ಮ ಕಡೆ ಬೇಸಿಗೇಲಿ ಕೌದಿ ಹೊಲಿಯೋ ಹೆಣ್ಮಕ್ಕಳು ಊರಿಗೆ ಬರ್ತಿದ್ದರು. ಗುಡಿ ಕಟ್ಟೆ ಮೇಲೆ ಕೂತು ಹೊಲಿಯೋರು. ದುಡ್ಡು, ಜೊತೆಗೆ ಜೋಳ ಕೊಡ್ತಿದ್ದರು. ಅವ್ವ ಮಾತ್ರ ತಾನೇ ಹೊಲಿತಿದ್ದಳು, ಬ್ಯಾರೆಯವರ ಹೊಲಿಗೆ ಅವಳಿಗೆ ಹಿಡಿಸ್ತಿರಲಿಲ್ಲ. ಹೊಸ ಕೌದಿ ಮೈಮೇಲೆ, ಸ್ವಲ್ಪ ಹಳೇದಾದರೆ ಹಾಸಿಗೆ ಕೆಳಗೆ, ಇನ್ನೂ ಹಳೇದಾದರೆ ಚಕ್ಕಡಿಗೆ. ಕೊನೆಗೆ ನೆಲ ಒರೆಸೋಕೆ.

ನಮ್ಮ ರಾಜ್ಯದಲ್ಲೇ ಇದರ ಇನ್ನೊಂದು ರೂಪ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರೋ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿ. ಇವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರು ಅಂಚಿಂದ ಶುರು ಮಾಡಿ ಸುತ್ತ ಹೊಲಿತಾ ಹೊಲಿತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಇಡ್ತಾರೆ. ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರು ಇವರ ಜೊತೆ ಕೆಲಸ ಮಾಡಿ, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಈ ಕವಂದಿಗಳ ಪ್ರದರ್ಶನ ಆಯ್ತು. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಕಪ್ಪು ಹೆಂಗಸರು ಹೊಲಕ್ಕೆ ಹಾಕಿ ಹರಿದ ಪ್ಯಾಂಟು, ಅಂಗಿಗಳಿಂದ ಹೊಲಿದ ಹೊದಿಕೆಗಳು ಮ್ಯೂಸಿಯಂ ಸೇರಿದವು, 2006ರಲ್ಲಿ ಅಲ್ಲಿನ ಅಂಚೆಚೀಟಿ ಮೇಲೂ ಬಂದವು. ಬಂಗಾಳದ ಕಾಂಥಾನೂ ಮೊದಲು ಹಳೇ ಸೀರೆಯದೇ.

ಇದನ್ನೆಲ್ಲ ಓದ್ತಾ ನನಗೆ ಒಂದು ವಿಷಯ ಹೊಳೀತು. ಇವರು ಯಾರೂ ಕೌದಿಗೆ ಅಂತ ಬಟ್ಟೆ ಕೂಡಿಡಲಿಲ್ಲ. ಬಟ್ಟೆ ಮೊದಲು ಯಾರದೋ ಮೈಮೇಲೆ ಇತ್ತು, ಅಲ್ಲಿ ಅದರ ಕೆಲಸ ಮುಗೀತು, ಆಮೇಲೆ ಕತ್ತರಿ ಬಂತು. ನನ್ನ 38 ಕಿಲೊದಲ್ಲಿ ಯಾರ ಮೈಗೂ ತಾಗಿದ ಬಟ್ಟೆ ಇರಲಿಲ್ಲ. ತಾಗಿದ್ದು ಸೂಟ್‌ಕೇಸಲ್ಲಿತ್ತು, ಅದನ್ನ ಮುಟ್ಟೋಕೆ ಧೈರ್ಯ ಇಲ್ಲದೆ ನಾನು ಹೊಸದು ಕೊಳ್ತಾ ಹೋಗಿದ್ದೆ.

ಅಪ್ಪ ಪ್ರತಿ ವರ್ಷ ಜನವರೀಲಿ ಪೋರೂರಿಗೆ ಬರ್ತಾನೆ. ಸಂಕ್ರಾಂತಿ ಮುಗಿಸ್ಕೊಂಡು ಬಂದು ಒಂದು ತಿಂಗಳು ಇರ್ತಾನೆ. 2024ರಲ್ಲಿ ಬಂದಾಗ ಚೀಲದಲ್ಲಿ ತನ್ನ ಕೌದಿ ತಂದಿದ್ದ, ಅವ್ವ ಹೊಲಿದದ್ದು. ನಡುವೆ ಹರಿದು ಒಳಗಿನ ಪದರ ಕಾಣ್ತಿತ್ತು. ನಾನು ಆನ್‌ಲೈನಲ್ಲಿ ತರಿಸಿದ್ದ ಮೆತ್ತನೆ ಬ್ಲಾಂಕೆಟ್ ಕೊಟ್ಟೆ. ಬೆಳಿಗ್ಗೆ ನೋಡಿದರೆ ಅದು ನೆಲದ ಮೇಲೆ. 'ಇದು ಜಾರತೈತಿ ಯವ್ವಾ, ತೂಕಾನ ಇಲ್ಲ' ಅಂದ. ಹೊಸಾದು ಹೊಲಿದುಕೊಡು ಅಂತ ಕೇಳಲಿಲ್ಲ. ಕೇಳೋ ಮನುಷ್ಯ ಅಲ್ಲ.

ಆ ರಾತ್ರಿ ಶೀಟ್ ತೆಗೆದು ಹೊಸ ಸಾಲು ಹಾಕಿದೆ. ಅವ್ವನ ಸೀರೆ, ಹನ್ನೊಂದು. ಯಾರಿಗೆ? ಅಪ್ಪನಿಗೆ.

ತಂಗಿಗೆ ಫೋನ್ ಮಾಡಿದೆ. ದೊಡ್ಡ ಜಗಳ ಆಯ್ತು. 'ಅವ್ವನ ಸೀರಿಗೆ ಕತ್ತರಿ ಹಚ್ಚತಿಯೇನಕ್ಕಾ? ನೀರಾಗ ನೆನಸಿದ್ದು ಸಾಲಲಿಲ್ಲೇನು?' ಅಂದಳು. ಅವಳು ಹೇಳಿದ್ದು ತಪ್ಪಲ್ಲ. ನಾನು ಕಾಪಾಡ್ತೀನಿ ಅಂತ ತಂದು ಹಾಳು ಮಾಡಿದ್ದೆ. ಮೂರು ವಾರ ನಾವು ಮಾತಾಡಲಿಲ್ಲ. ಆಮೇಲೆ ಅವಳೇ ಫೋನ್ ಮಾಡಿ ಅವ್ವನ ಮದುವೆ ಸೀರೆ, ಕೊನೇ ಯುಗಾದಿಗೆ ಉಟ್ಟಿದ್ದ ಸೀರೆ ಎರಡೂ ತನಗೆ ಬೇಕು, ಕತ್ತರಿಸಬಾರದು ಅಂದಳು. ಮಾರನೇ ದಿನವೇ ಕಳಿಸಿದೆ. ನಾನು ಒಂದು ಇಟ್ಕೊಂಡೆ, ಕೆಂಪು ಹತ್ತಿದ ಆ ಬಿಳಿ ಸೀರೆ. ಉಳಿದದ್ದು ಎಂಟು.

ಮೊದಲ ಕತ್ತರಿ ಹಾಕಿದಾಗ ಕೈ ನಡುಗಿತು ಅಂತ ಹೇಳ್ತಾರಲ್ಲ, ನನಗೆ ಹಾಗಾಗಲಿಲ್ಲ. ಮೊದಲ ಸೀರೆ ಕತ್ತರಿಸೋಕೆ ನಾಲ್ಕು ಭಾನುವಾರ ಬೇಕಾಯ್ತು. ಎರಡನೇದಕ್ಕೆ ಹತ್ತು ನಿಮಿಷ.

ಹೊಲಿಯೋರಿಗೆ ನಾನು ಕಲಿತದ್ದು ಹೇಳ್ತೀನಿ. ಐದೂವರೆ ಮೀಟರಿನ ಒಂದು ಸೀರೆಯನ್ನ ನಡುವೆ ಕತ್ತರಿಸಿ, ಎರಡೂ ತುಂಡನ್ನ ಉದ್ದದ ಅಂಚಿಗೆ ಸೇರಿಸಿದರೆ ದೊಡ್ಡವರ ಕೌದಿಗೆ ಸಾಕಾಗುವಷ್ಟು ತಳ ಸಿಗುತ್ತೆ. ಒಳಗೆ ಪದರ ಜಾಸ್ತಿ ಹಾಕಬೇಡಿ. ನಾನು ಆಸೆಗೆ ಏಳು ಪದರ ಹಾಕಿ ಮೂರು ಸೂಜಿ ಮುರಿದೆ, ಎಲ್ಲಾ ಬಿಚ್ಚಿ ನಾಲ್ಕಕ್ಕೆ ಇಳಿಸಿದೆ. ಹಳೇ ಕಾಟನ್ನೇ ಒಳ್ಳೇದು, ಒಗೆದೂ ಒಗೆದೂ ಮೆತ್ತಗಾಗಿರುತ್ತೆ, ಸೂಜಿ ಸಲೀಸಾಗಿ ಇಳಿಯುತ್ತೆ. ಹೊಸ ಬಟ್ಟೆ ಸೇರಿಸೋದಾದರೆ ಮೊದಲು ಒಗೆದು ಒಣಗಿಸಿ, ಕುಗ್ಗೋದು, ಬಣ್ಣ ಬಿಡೋದು ಅಲ್ಲೇ ಮುಗೀಲಿ. ಪಾಲಿಯೆಸ್ಟರ್ ಬೆರೆಸಬೇಡಿ, ಕಾಟನ್ ಕುಗ್ಗುತ್ತೆ, ಅದು ಕುಗ್ಗಲ್ಲ, ಮೇಲೆಲ್ಲ ಸುಕ್ಕು ಬರುತ್ತೆ. ಹೊಲಿಗೆ ಬರೀ ರನ್ನಿಂಗ್ ಸ್ಟಿಚ್. ಕಷ್ಟ ಇಲ್ಲ, ಆದರೆ ಮುಗಿಯೋದೇ ಇಲ್ಲ. ನಾನು ಬೆಳಗಿನ ಸ್ಟ್ಯಾಂಡಪ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಹೊಲಿದದ್ದೇ ಜಾಸ್ತಿ. ನಮ್ಮ ಮ್ಯಾನೇಜರ್ ಇದನ್ನ ನೋಡಲ್ಲ ಅಂದುಕೊಂಡಿದ್ದೀನಿ.

ನನ್ನ 212 ತುಂಡು ಏನಾಯ್ತು ಅಂತ ಕೇಳಬಹುದು. ಕೌದಿ ಮೇಲ್ಭಾಗದ ತುಂಡುಗಳಿಗೆ ಅಂತ ಒಂದಿಪ್ಪತ್ತು ಹೋಯ್ತು, ಮಗ ಆರಿಸಿಕೊಟ್ಟ. ಬ್ಲೌಸಿಗೆ ಆಗೋ ಖಣ, ಕಾಟನ್ ಎಲ್ಲಾ ಟೈಲರ್ ಅಕ್ಕನಿಗೆ ಕೊಟ್ಟೆ. ಅವರು ಪುಕ್ಕಟೆ ಬೇಡ ಅಂತ ಹಟ ಹಿಡಿದು ನನಗೆ ಐದು ಬ್ಲೌಸ್ ಹೊಲಿದುಕೊಟ್ಟರು. ಒಂದಷ್ಟು ಸ್ನೇಹಿತರ ಮಕ್ಕಳ ಫ್ರಾಕಿಗೆ ಹೋಯ್ತು. ಗೂಂಜ್‌ನಂಥ ಸಂಸ್ಥೆಗಳು ಬಟ್ಟೆ ತಗೊಂಡು, ಹಳೇದರಲ್ಲಿ ಹಾಸಿಗೆ-ಹೊದಿಕೆ ಮಾಡಿಸ್ತಾವೆ, ಅಂಥ ದಾರಿನೂ ಇದೆ. ಈಗ ನನ್ನ ಹತ್ರ ಒಂದು ಖಾನೆ ಬಟ್ಟೆ ಇದೆ, ಒಂಬತ್ತು ಕಿಲೊ. ಸೊನ್ನೆ ಮಾಡಬೇಕು ಅಂತ ನಾನು ಹೇಳಲ್ಲ. ಒಂದೊಂದಕ್ಕೂ ಒಂದು ಹೆಸರಿದೆ, ಅಷ್ಟೇ.

ಕೌದಿ ಮುಗಿಯೋಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡೀತು. ನಮ್ಮ ಮನೇಲಿ ಕೊನೇ ಮೂಲೆ ಮುಚ್ಚೋ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಇಡೋ ಪದ್ಧತಿ. ಕೌದಿ ಹೊಟ್ಟೆ ಹಸಿದಿರಬಾರದು ಅಂತ ಅವ್ವ ಹೇಳೋಳು. ಆ ದಿನ ತಂಗಿ ವಿಡಿಯೊ ಕಾಲಲ್ಲಿ ಇದ್ದಳು. 'ನಾಲ್ಕಲ್ಲಕ್ಕಾ, ಐದು ಇಡ್ತಿದ್ದಳು' ಅಂದಳು. ಐದು ಇಟ್ಟೆ.

2025ರ ಜನವರೀಲಿ ಅಪ್ಪ ಬಂದಾಗ ಕೊಟ್ಟೆ. ಬಿಚ್ಚಿದ, ಮೇಲಿನ ತುಂಡು ನೋಡಲೇ ಇಲ್ಲ. ತಿರುಗಿಸಿ ಹಿಂದಿನ ಹೊಲಿಗೆ ಮೇಲೆ ಬೆರಳಾಡಿಸಿದ. 'ಅಕಿ ಇಷ್ಟ ದೂರ ದೂರ ಹೊಲಿತಿರಲಿಲ್ಲ' ಅಂದ. ನನಗೆ ಮುಖ ಸಣ್ಣದಾಯ್ತು. ಆಮೇಲೆ ತೂಕ ನೋಡೋ ಹಾಗೆ ಎರಡೂ ಕೈಲಿ ಎತ್ತಿ, 'ತೂಕ ಐತಿ' ಅಂದ. ರಾತ್ರಿ ಎಸಿ 24ಕ್ಕೆ ಇಟ್ಟು ನೋಡಿದೆ, ತಲೆ ಮೇಲಿಂದ ಹೊದ್ದು ಮಲಗಿದ್ದ. ಊರಿಗೆ ಹೋಗುವಾಗ ಹೊಸದನ್ನ ಚೀಲಕ್ಕೆ ಹಾಕ್ಕೊಂಡ. ಅವ್ವ ಹೊಲಿದ ಹರಿದ ಕೌದಿನೂ ಬಿಡಲಿಲ್ಲ, ಅದರೊಳಗೇ ಸುತ್ತಿದ.

ನಿಮ್ಮ ಮನೇಲೂ ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇರಬಹುದು. ಬಟ್ಟೆನೇ ಆಗಬೇಕಂತಿಲ್ಲ. ಕಾಪಾಡ್ತೀನಿ ಅಂತ ಇಟ್ಟು, ತೆಗೆಯೋಕೆ ಭಯ ಪಡ್ತಿರೋದು ಏನೋ ಒಂದು. ಈ ಭಾನುವಾರ ಹೊರಗೆ ಎಳೆದು ಟೈಲರ್ ಅಕ್ಕನ ಪ್ರಶ್ನೆ ಕೇಳಿ. ಯಾರಿಗೆ? ಹೆಸರು ಬಂದರೆ ಅವರಿಗೆ ಈಗಲೇ ಕೊಡಿ, ಮುಂದಿನ ಮಳೆಗಾಲದವರೆಗೆ ಕಾಯಬೇಡಿ.