ಬ್ರಂಚ್ ಮತ್ತು ‘ಡಬಲ್ ಕಾ ಮೀಠಾ’



ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ಹನ್ನೊಂದಕ್ಕೆ ಏಳುತ್ತಾರೆ. ಆಗ ತಿನ್ನುವುದು ನಾಷ್ಟಾವೂ ಅಲ್ಲ, ಊಟವೂ ಅಲ್ಲ. ಈ ತಾಪತ್ರಯಕ್ಕೆ 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಲೇಖಕ ‘ಹಂಟರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಪರಿಹಾರ ಸೂಚಿಸಿದ. ಬ್ರೇಕ್‌ಫಾಸ್ಟಿನ ತಲೆ, ಲಂಚಿನ ಬಾಲ ಸೇರಿ ‘ಬ್ರಂಚ್’! ಮರುವರ್ಷ ‘ಪಂಚ್’ ಎಂಬ ಹಾಸ್ಯಪತ್ರಿಕೆ ಅದನ್ನು ಇನ್ನಷ್ಟು ಎಳೆಯಿತು: ಬೆಳಗಿನ ತಿಂಡಿಯ ಹೊತ್ತಿಗೆ ಹತ್ತಿರವಿದ್ದರೆ ಬ್ರಂಚ್, ಮಧ್ಯಾಹ್ನದ ಊಟಕ್ಕೆ ಹತ್ತಿರವಿದ್ದರೆ ‘ಬ್ಲಂಚ್’. ಬ್ಲಂಚ್ ಉಳಿಯಲಿಲ್ಲ. ಬ್ರಂಚ್ ಇಂದು ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲೂ ಇದೆ.

ಇಂಥ ಕಸಿ ಮಾತುಗಳಿಗೆ ಹೆಸರು ಸಿಕ್ಕಿದ್ದು ಲೂಯಿಸ್ ಕ್ಯಾರಲ್‌ನಿಂದ. 1871ರಲ್ಲಿ ಹೊರಬಂದ ‘ಥ್ರೂ ದ ಲುಕಿಂಗ್ ಗ್ಲಾಸ್’ ಪುಸ್ತಕದಲ್ಲಿ ಹಂಪ್ಟಿ ಡಂಪ್ಟಿ ಇವನ್ನು ‘ಪೋರ್ಟ್‌ಮ್ಯಾಂಟೊ’ಗೆ, ಎಂದರೆ ಎರಡು ಖಾನೆಗಳಿದ್ದು ನಡುವೆ ಮಡಚುವ ಪ್ರಯಾಣದ ಪೆಟ್ಟಿಗೆಗೆ ಹೋಲಿಸುತ್ತಾನೆ. ಆ ಹೆಸರೂ ಫ್ರೆಂಚಿನ ಎರಡು ಮಾತುಗಳು ಕೂಡಿ ಆದದ್ದೇ!

ಇಂಗ್ಲಿಷು ಕತ್ತರಿಸಿ ಅಂಟಿಸುತ್ತದೆ. ಬೀದರಿನ ಬಾಯಿಗೆ ಅಷ್ಟು ಕತ್ತರಿ ಬೇಕಿಲ್ಲ. ಇಡೀ ಮಾತುಗಳನ್ನೇ ಪಕ್ಕಪಕ್ಕ ಕೂರಿಸುತ್ತದೆ. ಬ್ರೆಡ್ಡಿಗೆ ‘ಡಬಲ್ ರೋಟಿ’ ಎನ್ನುವುದು ವಾಡಿಕೆ. ಡಬಲ್ ಇಂಗ್ಲಿಷಿನದು, ರೋಟಿ ದಖನಿಯದು. ಅದನ್ನು ತುಪ್ಪದಲ್ಲಿ ಕರಿದು, ಹಾಲು ಸಕ್ಕರೆಯಲ್ಲಿ ನೆನೆಸಿದರೆ ‘ಡಬಲ್ ಕಾ ಮೀಠಾ’. ಇಲ್ಲಿ ರೋಟಿ ಮಾಯ! ಉಳಿದದ್ದು ‘ಡಬಲ್‌ನ ಸಿಹಿ’. ಏನು ಡಬಲ್ ಎಂದು ಯಾರೂ ಕೇಳುವುದಿಲ್ಲ, ತಟ್ಟೆ ಖಾಲಿಯಾಗುತ್ತದೆ.

ಆದರೆ ಭಾಲ್ಕಿ, ಔರಾದಿನ ಹುಡುಗ ರಾಜಧಾನಿಗೆ ಓದಲು ಹೋಗಿ ಹೀಗೆ ಮಾತಾಡಿದರೆ ನಗುವವರಿದ್ದಾರೆ. ಬ್ರಂಚ್ ಎಂದರೆ ಫ್ಯಾಶನ್, ಇದು ಮಾತ್ರ ಬೆರಕೆ ಕನ್ನಡ. ಇದು ಯಾವ ನ್ಯಾಯ? 1948ರವರೆಗೆ ಈ ಸೀಮೆ ನಿಜಾಮರದು, ಕಚೇರಿಯ ಭಾಷೆ ಉರ್ದು, ಗಡಿಯಾಚೆ ಮರಾಠಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ದಿನಗಳಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದರು. ಇಲ್ಲಿಯ ಮಾತಿನಲ್ಲಿ ಉರ್ದು ಬೆರೆತದ್ದು ಉಡಾಫೆಯಿಂದಲ್ಲ.

ಬೆರಕೆಯ ಜಗಳವೇನೂ ಹೊಸದಲ್ಲ. ಕನ್ನಡ ಮಾತಿಗೆ ಸಂಸ್ಕೃತದ ಮಾತು ಕೂಡಿಸಿದರೆ ‘ಅರಿಸಮಾಸ’, ಅದು ದೋಷ ಎಂದು 13ನೇ ಶತಮಾನದ ಕೇಶಿರಾಜ ಹೇಳಿದ. ಹಿಂದಿನ ಕವಿಗಳು ಬಳಸಿದ್ದಕ್ಕೆ ವಿನಾಯಿತಿ ಕೊಟ್ಟ. ಆದರೂ ‘ಮಳೆಗಾಲ’ ಎನ್ನದ ಕನ್ನಡಿಗರಿಲ್ಲ. ಅದರಲ್ಲಿ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು.